ಮಠದ ಊಟದ ಮನೆ

“ಅಮ್ಮಾ, ಈ ಸನ್ಯಾಸಿಗಳು ಊಟ ಮಾಡ್ತಾ ಮಾತೇ ಆಡಲ್ವಾ? ಫುಲ್ ಬೋರಿಂಗ್ ಲಾ!” ವಿಆರ್ ಹೆಡ್‌ಸೆಟ್ ಕಟ್ಟಿಕೊಂಡ ಮಾನ್ಯಾ, ಸೆಂಬವಾಂಗಿನ ಫ್ಲ್ಯಾಟಿನ ಹಾಲಿನಲ್ಲಿ ನಿಂತು ಗಾಳಿ ತಡಕುತ್ತಿದ್ದಳು.

“ಆಡೋ ಹಾಗಿಲ್ಲ ಕಣೇ, ರೂಲ್ ಅದು. ಏನು ಬೇಕಾದ್ರೂ ಕೈಯಲ್ಲೇ ಕೇಳ್ಬೇಕು,” ಎಂದಳು ನಳಿನಿ.

ಬ್ಯೂನಾ ವಿಸ್ಟಾದ ಆಫೀಸಿನಲ್ಲಿ ಅವಳು ಕಂಪ್ಯೂಟರಿನೊಳಗೆ ಕಟ್ಟುತ್ತಿದ್ದುದು ಇಂಗ್ಲೆಂಡಿನ ಒಂದು ಪಾಳು ಮಠವನ್ನು, ಬೆನೆಡಿಕ್ಟೀನ್ ಸನ್ಯಾಸಿಗಳದು. ಅಲ್ಲೀಗ ಉಳಿದಿರುವುದು ಎರಡು ಕಮಾನು, ಹುಲ್ಲು, ಒಂದಷ್ಟು ಕುರಿ. ನಾನೂರು ವರ್ಷ ಗಂಟೆ ಬಾರಿಸಿದ ಮಠ, ರಾಜನ ಆಜ್ಞೆ ಬಂದದ್ದೇ ಮುಚ್ಚಿಹೋಯಿತು. ಚಾವಣಿಯ ಸೀಸವನ್ನು ಕರಗಿಸಿ ಒಯ್ದರು. ಕಲ್ಲುಗಳನ್ನು ಊರವರು ದನದ ಕೊಟ್ಟಿಗೆಗೆ ಹೊತ್ತರು. ನಳಿನಿಯ ಹೆಡ್‌ಸೆಟ್ಟಿನೊಳಗೆ ಮಾತ್ರ ಆ ಕಲ್ಲುಗಳು ತೇಲಿ ಬಂದು ಮತ್ತೆ ಗೋಡೆಯಾಗುತ್ತಿದ್ದವು. ಎತ್ತರದ ಕಿಟಕಿಗಳಿಂದ ಹಾಲಿನಂಥ ಬೆಳಕು. ಬೆಳಕಿನಲ್ಲಿ ಕಪ್ಪು ನಿಲುವಂಗಿಗಳು, ನೀರೊಳಗಿನ ಬಾಲದಂತೆ ಅಲುಗುವ ಅಂಗೈಗಳು.

“ಅಂಗೈ ಹಾಗೆ ಬಳುಕಿಸಿದ್ರೆ ಮೀನು ಬೇಕು ಅಂತ,” ನಳಿನಿ ಮಗಳಿಗೆ ವಿವರಿಸಿದಳು. “ ಮೂರು ಬೆರಳು ಸೇರಿಸಿ ಉದುರಿಸಿದ್ರೆ ಉಪ್ಪು.”

“ತಾತಂಗೂ ತೋರಿಸ್ಲಾ?”

ನಳಿನಿ ಒಳಕೋಣೆಯ ಬಾಗಿಲತ್ತ ನೋಡಿದಳು. ಅವಳ ಅಪ್ಪ ದ್ವಾರಕನಾಥ್ ಒಂದು ಕಾಲಕ್ಕೆ ಮೈಸೂರಿನ ಮದುವೆಮನೆಗಳಲ್ಲಿ ಇಡೀ ಪಂಕ್ತಿಯನ್ನು ನಗಿಸಿ ಉಣ್ಣುವವರ ನೆತ್ತಿ ಹತ್ತಿಸುತ್ತಿದ್ದವರು. ಸ್ಟ್ರೋಕ್ ಆದಮೇಲೆ ನಾಲಿಗೆ ಹೊರಳದು. ಅವರು ಊಟದ ಮೇಜು ಬಿಟ್ಟದ್ದರಲ್ಲಿ ತಪ್ಪು ಮನೆಯವರದೇ, ಪ್ರೀತಿಯಿಂದ ಮಾಡಿದ್ದು. ಅವರು ಬಾಯಿ ತೆರೆಯುವಷ್ಟರಲ್ಲಿ “ಮಜ್ಜಿಗೇನಾ? ನೀರಾ? ಇನ್ನೊಂಚೂರು ಹುಳೀನಾ?” ಎಂದು ಎಲ್ಲರೂ ಮುಗಿಬೀಳುತ್ತಿದ್ದರು. ಒಂದು ದಿನ ಅಪ್ಪ ತಟ್ಟೆ ಎತ್ತಿಕೊಂಡು ಎದ್ದು ಹೋದವರು ಮತ್ತೆ ಮೇಜಿಗೆ ಬರಲೇ ಇಲ್ಲ. ಒಬ್ಬರೇ ಒಳಗೆ ಅರ್ಧ ಊಟ ಮಾಡಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ದಿನದಿನಕ್ಕೂ ಇಳಿದು ಹೋಗುತ್ತಿದ್ದರು.

ಮಾನ್ಯಾ ಅವರ ಕೈಹಿಡಿದು ಕರೆತಂದು ಹೆಡ್‌ಸೆಟ್ ಹಾಕಿದಳು. ಅವರ ಕುತ್ತಿಗೆ ನಿಧಾನವಾಗಿ ತಿರುಗಿತು, ಮಠದ ಉದ್ದನೆಯ ಮೇಜಿನುದ್ದಕ್ಕೂ, ಒಬ್ಬೊಬ್ಬ ಸನ್ಯಾಸಿಯ ಕೈಸನ್ನೆಯನ್ನೇ ನೋಡುತ್ತ. ಅಲ್ಲಿ ಯಾರೂ ಅವರನ್ನು ಏನೂ ಕೇಳುತ್ತಿರಲಿಲ್ಲ.

“ಅಪ್ಪಾ, ಇವತ್ತು ನಾವೂ ಮಠದವರು,” ಎಂದಳು ನಳಿನಿ, ತಟ್ಟೆಗಳನ್ನಿಡುತ್ತ. “ಬಾಯಿ ಬಿಟ್ಟವರು ಪಾತ್ರೆ ತೊಳೀಬೇಕು.”

“ಡೀಲ್!” ಎಂದು ಮಾನ್ಯಾ ಬಾಯಿಗೆ ಬೀಗ ಹಾಕಿದಂತೆ ಮಾಡಿದಳು.

ದ್ವಾರಕನಾಥ್ ಹೆಡ್‌ಸೆಟ್ ಕಳಚಿಟ್ಟು ತಟ್ಟೆಗಳತ್ತ ನೋಡಿದರು. ಆಮೇಲೆ ಕುರ್ಚಿಯ ಅಂಚಿನಲ್ಲಿ, ಯಾವಾಗ ಬೇಕಾದರೂ ಎದ್ದು ಹೋಗುವವರಂತೆ ಕೂತರು. ಅನ್ನ, ಹುಳಿ, ಹಪ್ಪಳ. ಅವರ ಎಡಗೈಯ ಮೂರು ಬೆರಳುಗಳು ಸೇರಿ ಗಾಳಿಯಲ್ಲಿ ಉದುರಿಸಿದವು. ನಳಿನಿ ಉಪ್ಪು ಸರಿಸಿದಳು. ಅಷ್ಟೇ, ಬೇರೇನೂ ಸರಿಸಲಿಲ್ಲ. ಮಾನ್ಯಾ ಮಾತ್ರ ಹುಳಿಯ ಪಾತ್ರೆ ನೋಡಿ ಅಂಗೈಯನ್ನು ಬಾಲದಂತೆ ಬಳುಕಿಸಿದಳು.

“ಈ ಮನೇಲಿ ಮೀನು ಎಲ್ಲಿಂದ ತರ್ಲೇ!” ನಳಿನಿಯ ಬಾಯಿಂದ ಜಾರಿಬಿಟ್ಟಿತು.

ದ್ವಾರಕನಾಥರ ಭುಜಗಳು ಕುಲುಕಿದವು. ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅವರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.