ಗಿಣ್ಣದ ಹಾಲು

"ಕೈ ದೂರ ಇಡು, ರಂಡೇ! ಬಕೀಟಿಗೆ ತಾಗಿತಂದ್ರ ಹಾಲು ಯಾರು ಕುಡೀಬೇಕು?"

ಮಹಾರುದ್ರಪ್ಪ ಸಾವ್ಕಾರ ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಕೂಗಿದ. ಊರ ಹೊರಗಿನ ಕೇರಿಯಿಂದ ಬಂದು ಅವನ ದನ ನೋಡಿಕೊಳ್ಳುವ ಭೀಮಬಾಯಿ ಎರಡು ಹೆಜ್ಜೆ ಹಿಂದೆ ಸರಿದಳು. ಮೊಣಕೈತನಕ ಹತ್ತಿದ್ದ ರಕ್ತವನ್ನು ಈಗಷ್ಟೇ ಸಬಕಾರ ಹಚ್ಚಿ ತೊಳೆದುಕೊಂಡು ಬಂದಿದ್ದಳು. ಕರು ಸಿಕ್ಕಿಕೊಂಡು ಆಕಳು ನರಳುತ್ತಿದ್ದಾಗ ಇದೇ ಕೈ ಒಳಗೆ ಹೋಗಿ ಕರುವನ್ನು ಎಳೆದು ತಂದಿತ್ತು. ಆಗ ಇದೇ ಸಾವ್ಕಾರ, "ಇನ್ನಷ್ಟು ಒಳಗ ಹಾಕವ್ವಾ," ಎಂದು ಗೋಗರೆದಿದ್ದ.

ಭೀಮಬಾಯಿಗೆ ನಗು ಬಂತು. "ಆಕಳ ಹೊಟ್ಟ್ಯಾಗ ನಡೀತದ, ಬಕೀಟಿನಾಗ ನಡಿಯಂಗಿಲ್ಲೇನ್ರಿ ಸಾವ್ಕಾರ್ರ, ನನ್ನ ಕೈ?"

"ಬಾಯಿ ಮುಚ್ಚು. ಮಧ್ಯಾಹ್ನಕ್ಕ ಬಸವಕಲ್ಯಾಣದ ಬೀಗರು ಬರಾಕತ್ತಾರ. ಗಿಣ್ಣ ಆಗಬೇಕು."

ಅವನ ಹೆಂಡತಿ ಸುಂದರಬಾಯಿ ಆಕಳ ನಾಲ್ಕೂ ಮೊಲೆ ಹಿಂಡಿ ಎದ್ದಿದ್ದಳು. ಸಣ್ಣ ಬಕೀಟಿನಲ್ಲಿ ದಪ್ಪ ಹಳದಿ ಹಾಲು. ಮೂಲೆಯಲ್ಲಿ ಕಟ್ಟಿದ್ದ ಕರು ನಡುಗುತ್ತ ಗೋಡೆ ನೆಕ್ಕುತ್ತಿತ್ತು. ಕಳೆದೆರಡು ಸಲವೂ ಹೀಗೇ ಆಗಿತ್ತು. ಮೊದಲ ಹಾಲು ಬೆಲ್ಲ, ಯಾಲಕ್ಕಿ ಸೇರಿ ಸಾವ್ಕಾರನ ಪಂಕ್ತಿಗೆ ಹೋಯಿತು. ಕರುಗಳು ವಾರದೊಳಗೆ ಬಿಳಿ ಭೇದಿ ಹತ್ತಿ ಸತ್ತವು. ಎರಡನ್ನೂ ಎಳೆದುಕೊಂಡು ಹೋಗಿ ಹೂಳಿದವನು ಭೀಮಬಾಯಿಯ ಗಂಡ ನರಸಿಂಗ.

"ಹುಮನಾಬಾದಿನ ದನದ ಡಾಕ್ಟರು ಹೇಳಿದ್ದು ನೀವೂ ಕೇಳೀರಿ. ಹುಟ್ಟಿದ ಕರುವಿನ ಮೈಯಾಗ ರೋಗಕ್ಕ ಎದುರು ನಿಂದ್ರೋ ತಾಕತ್ ಇರಂಗಿಲ್ಲ. ತಾಯಿ ಈ ಹಾಲಿನಾಗ ಕೊಡ್ತಾಳ. ಇವತ್ತು ತಪ್ಪಿತಂದ್ರ ನಾಳಿ ಎಷ್ಟು ಕುಡಿಸಿದ್ರೂ ಆ ತಾಕತ್ ಮೈಗೆ ಹತ್ತಂಗಿಲ್ಲ."

"ಡಾಕ್ಟರ್ ನನಗ ಹೇಳ್ಯಾನ, ನಿನಗಲ್ಲ. ಸೆಗಣಿ ಬಳಿಯಾಕಿ ಸೆಗಣಿ ಬಳಿ!"

ಭೀಮಬಾಯಿ ಸೆರಗು ಸಿಗಿಸಿಕೊಂಡಳು. ನೆಟ್ಟಗೆ ಬಂದು ಬಲಗೈಯನ್ನು ಮಣಿಕಟ್ಟಿನವರೆಗೆ ಬಕೀಟಿನಲ್ಲಿ ಅದ್ದಿದಳು.

"ಅಯ್ಯಯ್ಯ!" ಎಂದಳು ಸುಂದರಬಾಯಿ.

ಸಾವ್ಕಾರ ಬೀದಿಯ ಕಡೆ ಕತ್ತು ಚಾಚಿ ನೋಡಿದ. ಹೆಂಡತಿಗೆ ಮೆಲ್ಲಗೆ ಹೇಳಿದ: "ಯಾರೂ ನೋಡಿಲ್ಲ. ಒಳಗ ಒಯ್ಯಿ. ಕಾಸಿದ್ರ ಎಲ್ಲಾ ಹೋಗ್ತದ."

ಇಷ್ಟು ವರ್ಷದ ಮೈಲಿಗೆ ಒಂದು ಒಲೆಯ ಉರಿಗೆ ಹೋಗುವಂಥದ್ದೆಂದು ಭೀಮಬಾಯಿಗೆ ಯಾರೂ ಹೇಳಿರಲಿಲ್ಲ. ಬೀದಿ ನಲ್ಲಿಯ ಕಡೆ ತಿರುಗಿ ಗಂಟಲೆತ್ತಿದಳು: "ಜೈನಬಿ ಆಪಾ! ಸಾವ್ಕಾರ್ರ ಗಿಣ್ಣದ ಹಾಲಿನಾಗ ನಾ ಕೈ ಅದ್ದೀನಿ! ಬೀಗರು ಬಂದ್ರ ಜರಾ ಹೇಳ್ರಿ!"

ಕೊಡಗಳ ಸದ್ದು ನಿಂತಿತು. ಜೈನಬಿ ಮೊದಲಾಗಿ ನಾಲ್ಕು ಹೆಂಗಸರು ಬಾಗಿಲಿಗೆ ಬಂದರು. ಒಬ್ಬಳು ಕಿಸಕ್ಕನೆ ನಕ್ಕಳು.

"ನಾಳಿಂದ ಈ ಅಂಗಳದಾಗ ಕಾಲಿಟ್ಟರ ಕಾಲು ಮುರೀತೀನಿ, ಬೋಸಡಿ!"

"ನಾಳಿ ಮಾತು ನಾಳಿಗಿರ್ಲಿ ಬಿಡ್ರಿ. ಇವತ್ತಿನ ಕೆಲಸ ಇನ್ನೂ ಅದ."

ಬಕೀಟನ್ನು ಕರುವಿನ ಮುಂದಿಟ್ಟು ಕುಳಿತು, ಹಾಲಲ್ಲಿ ನೆಂದ ಎರಡು ಬೆರಳನ್ನು ಅದರ ಬಾಯಿಗೆ ಕೊಟ್ಟಳು. ಕರು ಚೀಪಿತು. ಅವಳು ಕೈ ಇಳಿಸಿದಂತೆ ಅದರ ಮೂತಿಯೂ ಹಾಲಿಗಿಳಿಯಿತು. ಸಾವ್ಕಾರ ಬಕೀಟು ಕಸಿಯಲು ಬಗ್ಗಿದ. ಅದರೊಳಗೆ ಅವಳ ಕೈಯಿತ್ತು, ಬಾಗಿಲಲ್ಲಿ ನಾಲ್ಕು ಜೋಡಿ ಕಣ್ಣುಗಳಿದ್ದವು. ಬಗ್ಗಿದವನು ಬಗ್ಗಿದಂತೆಯೇ ನಿಂತ. ಕರು ಬಾಲ ಆಡಿಸುತ್ತ ಕುಡಿಯುತ್ತಲೇ ಇತ್ತು.