ಕೆಂಪು ಬಟ್ಟೆಯ ಕಡ್ಡಿಗಳು

ಅರಣ್ಯ ಇಲಾಖೆಯವರು ಕಡಲದಂಡೆ ಕಾಯುವ ಕೆಲಸ ಕೊಟ್ಟ ದಿನದಿಂದ ಅವಳಿಗೆ ಹಕ್ಕಿಯಮ್ಮ ಎಂದೇ ಹೆಸರಾಗಿತ್ತು. ರೀವ ಎಂಬ ಪುಟ್ಟ ಬಿಳಿ ಹಕ್ಕಿಗಳು ಗೂಡು ಕಟ್ಟುವ ಗೋಜಿಗೇ ಹೋಗುವುದಿಲ್ಲ. ಬರೀ ಮರಳಲ್ಲಿ ಅಂಗೈಯಗಲ ಗುಳಿ ಮಾಡಿ ಮೊಟ್ಟೆ ಇಟ್ಟುಬಿಡುತ್ತವೆ. ಮೊಟ್ಟೆಗೂ ಮರಳಿನದೇ ಬಣ್ಣ, ಆದ್ದರಿಂದ ಕಾಣದೆ ತುಳಿಯುವವರೇ ಹೆಚ್ಚು. ಅದಕ್ಕೇ ಹಕ್ಕಿಯಮ್ಮ ಒಂದೊಂದು ಗುಳಿಯ ಪಕ್ಕವೂ ಕೆಂಪು ಬಟ್ಟೆ ಕಟ್ಟಿದ ಕಡ್ಡಿ ನೆಟ್ಟಳು. ಮೂವತ್ತೊಂದು ಕಡ್ಡಿ. ಅವಳದೊಂದು ಹಳೇ ಲಂಗ ಇದಕ್ಕೇ ಮುಗಿದುಹೋಯಿತು.

ದೋಣಿ ಎಳೆದು ಮೇಲೆ ತರುವುದೂ ಅದೇ ದಂಡೆಯಲ್ಲಿ. ಕಡ್ಡಿ ತಪ್ಪಿಸಿ ಎಳೆಯಿರಿ ಎಂದು ದೋಣಿಯವರ ಗದ್ದ ಹಿಡಿದು ಒಪ್ಪಿಸಿದವನು ಅವಳ ಮೈದುನ. ಅವನೂ ದೋಣಿಯವನೇ.

ಆದರೂ ಮೊಟ್ಟೆಗಳು ಮಾಯವಾಗತೊಡಗಿದವು. ಈ ಸಲ ಮರಿ ಏಳದಿದ್ದರೆ ದಂಡೆಯ ಕಾವಲು ತೆಗೆಯುತ್ತೇವೆ, ಯಾರು ಬೇಕಾದರೂ ಗಾಡಿ ನಿಲ್ಲಿಸಿಕೊಳ್ಳಲಿ ಎಂದು ಅಧಿಕಾರಿ ಹೇಳಿಹೋದರು. ಹಕ್ಕಿಯಮ್ಮನಿಗೆ ಊಟ ಸೇರಲಿಲ್ಲ. ಉಳಿದದ್ದು ಆರೇ ಗುಳಿ. ಆ ಸಂಕಟದಲ್ಲಿ, ಬೆಳಗ್ಗೆ ಹತ್ತು ಜನ ಬಲೆ ಬಿಡಿಸುತ್ತಿರುವಾಗ, ಮೈದುನನ ಎದುರು ನಿಂತು ಕೇಳಿಯೇಬಿಟ್ಟಳು.

"ದಂಡೆ ಮೇಲೆ ದಿನಾ ಓಡಾಡೋನು ನೀನು. ಮೊಟ್ಟೆ ಯಾರ ಬಾಣಲೆಗೆ ಹೋಗ್ತಿದೆ ಹೇಳು."

ಅವನು ಬಲೆ ಕೆಳಗಿಟ್ಟು ಎದ್ದುಹೋದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಇವಳು ಗೆದ್ದವಳಂತೆ ಸೆರಗು ಕೊಡವಿದಳು. ಸಿಟ್ಟು ಬಂದಾಗ ಸ್ವಂತ ಮನೆಯವರೇ ಅಲ್ಲವೇ ಕೈಗೆ ಸಿಗುವುದು.

ಮರುದಿನ ಬೆಳಗ್ಗೆ ದೋಣಿಯ ಮರೆಯಲ್ಲಿ ಕೂತು ಕಾದಳು. ಬಂದದ್ದು ಕಾಗೆ. ಅತ್ತಿತ್ತ ಹುಡುಕಲೇ ಇಲ್ಲ. ನೇರವಾಗಿ ಒಂದು ಕಡ್ಡಿಯ ಬುಡಕ್ಕಿಳಿದು ಮೊಟ್ಟೆ ಎತ್ತಿಕೊಂಡು ಹೋಯಿತು. ತಿರುಗಿ ಬಂದಾಗ ಪಕ್ಕದ ಕೆಂಪು ಬಟ್ಟೆಗೇ ಬಂತು. ಹಕ್ಕಿಯಮ್ಮ ಚಪ್ಪಲಿ ಎಸೆದು ಓಡಿಸಿದಳು, ಆಮೇಲೆ ಮರಳಲ್ಲೇ ಕುಸಿದು ಕೂತಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಮೈದುನ ಮನೆಯ ಮೆಟ್ಟಿಲ ಮೇಲೆ ಬಲೆ ಹೆಣೆಯುತ್ತಿದ್ದ.

"ತಪ್ಪಾಯ್ತು ಕಣಪ್ಪಾ. ಕಾಗೆಗೆ ದಾರಿ ತೋರಿಸಿದ್ದು ನನ್ನ ಕಡ್ಡೀನೇ."

ಅವನು ತಲೆ ಎತ್ತಲಿಲ್ಲ. "ಹತ್ತು ಜನರ ಮುಂದೆ ಅಂದ್ರಿ ಅತ್ತಿಗೆ. ತಪ್ಪಾಯ್ತು ಅನ್ನೋಕೆ ಮಾತ್ರ ಒಬ್ಬರೇ ಬಂದ್ರಿ."

ಅವಳಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹೊರಡಲು ತಿರುಗಿದಾಗ ಅವನೇ ಕೇಳಿದ, "ಈಗ ಕಡ್ಡಿ ಕೀಳ್ತೀರಾ?"

"ಕಿತ್ರೆ ನಿಮ್ಮ ದೋಣಿ ಮೊಟ್ಟೆ ಮೇಲೆ ಹೋಗುತ್ತಲ್ಲ."

"ಕೀಳಬೇಡಿ. ಇನ್ನೂರು ನೆಡಿ, ದಂಡೆ ತುಂಬ. ಇಪ್ಪತ್ತು ಕಡೆ ಏನೂ ಸಿಗದಿದ್ರೆ ಕಾಗೆ ತಾನೇ ಬಿಡುತ್ತೆ."

"ಆಗ ದೋಣಿ ಎಲ್ಲಿ ಎಳೀತೀರೋ?"

ಅವನು ಬಲೆಯ ದಾರ ಬಿಗಿದ. ಇನ್ನೊಂದು ದಾರಿ ಎಂದರೆ ಬಂಡೆಗಳ ಕಡೆಯದು. ಅಲ್ಲಿ ದೋಣಿಯನ್ನು ಎಳೆಯುವಂತಿಲ್ಲ, ಭುಜದ ಮೇಲೆ ಹೊರಬೇಕು.

ಮಾರನೇ ದಿನ ಹತ್ತೂ ಜನ ಸೇರುವುದನ್ನೇ ಕಾದು ಹಕ್ಕಿಯಮ್ಮ ಗಟ್ಟಿಯಾಗಿ ಹೇಳಿದಳು. "ಕದ್ದಿದ್ದು ಕಾಗೆ, ದಾರಿ ತೋರಿಸಿದ್ದು ನಾನು. ಇವನ ಮೇಲೆ ಹೊರಿಸಿದ್ದು ಸುಳ್ಳು." ಮೈದುನ ಎದ್ದು ದೋಣಿಗೆ ಭುಜ ಕೊಟ್ಟು ಬಂಡೆಯ ಕಡೆ ಮುಖ ಮಾಡಿದ. ಉಳಿದವರೂ ಗೊಣಗುತ್ತಲೇ ಎದ್ದರು.

ಇನ್ನೂರು ಕಡ್ಡಿಗೆ ಬಟ್ಟೆ ಬೇಕಾಗಿ ಆ ವಾರ ಎಲ್ಲರ ಮನೆಯ ಕೆಂಪು ಬಟ್ಟೆಗಳಿಗೂ ಗ್ರಹಚಾರ ಬಂತು. ಒಬ್ಬನ ಹೆಂಡತಿಯ ಹೊಸ ಶಾಲು ಕೂಡ ಉಳಿಯಲಿಲ್ಲ. ಕಾಗೆ ಎರಡು ದಿನ ಕಡ್ಡಿಯಿಂದ ಕಡ್ಡಿಗೆ ಕುಪ್ಪಳಿಸಿ, ಬೇಸತ್ತು, ಮೀನಿನ ಬುಟ್ಟಿಗಳ ಕಡೆ ಹೋಯಿತು.

ಹೊಸ ಕಡ್ಡಿ ನೆಟ್ಟ ಹದಿಮೂರನೆಯ ದಿನ ಮರಿಗಳು ಎದ್ದವು. ಹಕ್ಕಿಯಮ್ಮ ಮೈದುನನಿಗೆ ಹೇಳಲು ಓಡಿದಳು. ಅವನು ಅಂಗಿ ಬಿಚ್ಚಿ ಕೂತಿದ್ದ. ಭುಜದ ಚರ್ಮ ಕಿತ್ತು ಕೆಂಪಗಾಗಿತ್ತು. ಅದನ್ನು ಕಂಡು ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಎಷ್ಟು ಮರಿ ಅತ್ತಿಗೆ?"

"ಮೂರು. ಅಧಿಕಾರಿಗೆ ಫೋನ್ ಮಾಡ್ದೆ. ದಂಡೆ ಕಾವಲು ತೆಗೆಯಲ್ಲವಂತೆ."

"ಅಂದ್ರೆ ಮುಂದಿನ ವರ್ಷವೂ ನಾವು ದೋಣಿ ಹೊರಬೇಕು."

"ಹೂಂ," ಎಂದಳು. ಕಣ್ಣು ತುಂಬಿ ಬಂತು.

ಅವನು ಭುಜ ಸವರಿಕೊಂಡು ಎದ್ದು, ಮರಿ ನೋಡಲು ಅವಳ ಜೊತೆ ಹೊರಟ. ದಂಡೆ ಬಂದಾಗ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಎಲ್ಲಿ ಕಾಲಿಡಲಿ ತೋರಿಸಿ ಎಂದು ಪಿಸುಗುಟ್ಟಿದ.