ಸೂರ್ಯನಿಂದ ನೆಪ್ಚೂನ್‌ವರೆಗೆ

ಹೆಡ್‌ಮಾಸ್ಟರು ಪಟದ ಮೂರು ಮೂಲೆಗೆ ಟೇಪ್ ಅಂಟಿಸಿ ನಾಲ್ಕನೆಯದಕ್ಕೆ ಕೈ ಎತ್ತಿದ್ದರು. ಗೋಡೆಯ ಕೆಳಗೆ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ, ಟೈಲರನ ಹೆಂಡತಿಯ ದೇಹವನ್ನು ಮಲಗಿಸಿದ್ದರು. ಇಪ್ಪತ್ತೇಳು ವರ್ಷ ಆರನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಟ್ಟವಳು.

"ಅದೇನು ಸಾರ್?" ಟೈಲರ್ ಕೇಳಿದ.

"ಸೌರಮಂಡಲ. ಮೇಡಂಗೆ ಪ್ರಾಣ ಅಲ್ವಾ? ಎರಡು ಮಾತಾಡ್ತೀನಿ, ಆಮೇಲೆ ಪೆಟ್ಟಿಗೆಯೊಳಗೆ ಅವರ ಜೊತೇಲೇ ಇಟ್ಟುಬಿಡೋಣ."

ಟೈಲರನ ಮೈಯೆಲ್ಲ ಉರಿದುಹೋಯಿತು. ಅದೇ ಪಟ! ಸೂರ್ಯನ ಪಕ್ಕದಲ್ಲಿ ಎಂಟೂ ಗ್ರಹಗಳು ಬಸ್ಸಿಗೆ ಕಾಯುವವರ ಹಾಗೆ ಒತ್ತೊತ್ತಾಗಿ ನಿಂತಿದ್ದವು.

*

"ಇದು ಶುದ್ಧ ಸುಳ್ಳು ಕಣ್ರೀ," ಎನ್ನುತ್ತಿದ್ದಳು ಅವಳು. "ಇಷ್ಟು ಹತ್ತಿರ ಇದ್ದಿದ್ರೆ ನಾವೆಲ್ಲ ಬೆಂದು ಬೂದಿ ಆಗ್ತಿದ್ವಿ."

ಅವಳ ಪಾಠ ಶಾಲೆಯ ಗೇಟಿನಲ್ಲಿ ಶುರುವಾಗುತ್ತಿತ್ತು. ಗಂಡನ ಕೈಲಿ ಹಳದಿ ಬಟ್ಟೆಯ ಚೆಂಡು ಹೊಲಿಸಿಕೊಂಡಿದ್ದಳು, ಅದು ಸೂರ್ಯ. ಅಲ್ಲಿಂದ ಇಪ್ಪತ್ತು ಹೆಜ್ಜೆ ನಡೆದರೆ ಭೂಮಿ, ಅವನ ಡಬ್ಬಿಯಿಂದ ಎತ್ತಿಕೊಂಡು ಹೋದ ಗುಂಡುಸೂಜಿಯ ತಲೆ. ನೂರು ದಾಟಿದ ಮೇಲೆ ಗುರು, ಒಂದು ಗೋಲಿ. ಒಂದೊಂದು ಗ್ರಹದ ಜಾಗಕ್ಕೆ ಒಂದೊಂದು ಮಗುವನ್ನು ನಿಲ್ಲಿಸುತ್ತ ಬೀದಿಯುದ್ದಕ್ಕೂ ನಡೆಯುತ್ತಿದ್ದಳು. ಮಕ್ಕಳು ಹೆಜ್ಜೆ ಎಣಿಸುವ ಗಲಾಟೆಗೆ ಟೈಲರ್ ಹೊಲಿಗೆ ನಿಲ್ಲಿಸಿ ಹೊರಗೆ ಬರುತ್ತಿದ್ದ.

ಹೊಸ ಹೆಡ್‌ಮಾಸ್ಟರಾಗಿ ಇವರು ಬಂದರು, ಮೆಮೊ ಕೊಟ್ಟರು: ಪಾಠದ ನೆಪದಲ್ಲಿ ಮಕ್ಕಳನ್ನು ಬೀದಿ ಅಲೆಸುತ್ತಿದ್ದೀರಿ. ಕ್ಲಾಸು ಕಿತ್ತುಕೊಂಡರು, ಅಲ್ಲಿ ಈ ಪಟ ತೂಗುಹಾಕಿದರು. ರಿಟೈರ್ ಆಗುವವರೆಗೆ ನಾಲ್ಕು ವರ್ಷ ಅವಳು ಸ್ಟೋರ್‌ರೂಮಿನಲ್ಲಿ ಪಠ್ಯಪುಸ್ತಕಗಳ ಧೂಳು ಒರೆಸಿದಳು.

*

"ಮೇಡಂ ಇದೇ ಪಟದ ಮೂಲಕ ಮಕ್ಕಳಿಗೆ ಸೌರಮಂಡಲವನ್ನು ಪರಿಚಯಿಸಿದರು," ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡು ಹೇಳಿದರು. "ನಮ್ಮ ಪ್ರೋತ್ಸಾಹ ಅವರಿಗೆ ಸದಾ ಇತ್ತು."

ಎಂಥ ನಾಲಗೆ! ಹೆಣದ ಮುಂದೆ ನಿಂತು ಆಡುವ ಮಾತೇ ಇದು?

"ಪ್ರೋತ್ಸಾಹಾನಾ?" ಟೈಲರ್ ಎದ್ದು ನಿಂತ. "ಅವಳನ್ನ ಸ್ಟೋರ್‌ರೂಮಿಗೆ ಅಟ್ಟಿದ್ದು ಯಾರು ಸಾರ್?"

"ಭಾವ, ಇವತ್ತು ಬೇಡ," ಹೆಂಡತಿಯ ತಮ್ಮ ತೋಳು ಹಿಡಿದ. "ಜನ ಇದ್ದಾರೆ."

"ಜನ ಇದ್ದಾರೆ ಅಂತಾನೇ ಹೇಳ್ತಿರೋದು! ಆಗ ನೀನೂ ಸುಮ್ನಿರಿ ಅಂದೆ, ಅವಳೂ ಸುಮ್ನಿರಿ ಅಂದಳು, ಬಾಯಿ ಮುಚ್ಕೊಂಡಿದ್ದೆ. ಈ ಸುಳ್ಳನ್ನ ಜೊತೆಗಿಟ್ಟು ಅವಳನ್ನ ಮಣ್ಣು ಮಾಡೋಕೆ ನಾನು ಬಿಡಲ್ಲ." ಅವನು ಹೆಡ್‌ಮಾಸ್ಟರ ಕಡೆ ತಿರುಗಿದ. "ಅವಳ ಪಾಠ ಅಲ್ವಾ? ಹೇಳಿ ನೋಡೋಣ. ಸೂರ್ಯನಿಂದ ನೆಪ್ಚೂನ್‌ಗೆ ಎಷ್ಟು ಹೆಜ್ಜೆ?"

"ಹೆಜ್ಜೆನಾ? ಅದು ಕೋಟಿಗಟ್ಟಲೆ ಕಿಲೋಮೀಟರು ಕಣಯ್ಯ..."

"ಆರ್ನೂರು," ಬಾಗಿಲ ಹತ್ತಿರದಿಂದ ಒಂದು ದನಿ ಬಂತು. ಬಸ್ ಕಂಡಕ್ಟರ್ ಹೆಂಗಸು, ಡ್ಯೂಟಿಯ ಬಟ್ಟೆಯಲ್ಲೇ ಬಂದಿದ್ದಳು. "ನಾನೇ ನೆಪ್ಚೂನ್ ಆಗಿ ನಿಂತಿದ್ದೆ. ಅಲ್ಲಿಂದ ಸೂರ್ಯ ಬರೀ ಒಂದು ಚುಕ್ಕಿ."

"ಆರ್ನೂರೇ," ಎಂದಳು ಅವಳ ಹಿಂದೆ ನಿಂತಿದ್ದ ಒಬ್ಬ ನರ್ಸ್. "ನಮ್ಮ ಬ್ಯಾಚಲ್ಲಿ ನಾನು ಶನಿ. ಮಿಸ್ ಜೊತೆ ನಡೆದಿದ್ದೀನಿ."

"ಆರ್ನೂರು," ಗೋಡೆಗೊರಗಿ ನಿಂತಿದ್ದ ನಲ್ಲಿ ರಿಪೇರಿಯವನೂ ಹೇಳಿದ. ಆಮೇಲೆ ಕಿಟಕಿಯಾಚೆ ಬೀದಿಯಲ್ಲಿ ನಿಂತವರು ಒಬ್ಬೊಬ್ಬರಾಗಿ ಅದನ್ನೇ ಹೇಳಿದರು.

ಹೆಡ್‌ಮಾಸ್ಟರು ಯಾರ ಮುಖವನ್ನೂ ನೋಡದೆ ಟೇಪ್ ಕಿತ್ತು ಪಟ ಸುತ್ತತೊಡಗಿದರು. ದಪ್ಪ ಕಾಗದ, ಸುತ್ತಿದಷ್ಟೂ ಬಿಚ್ಚಿಕೊಳ್ಳುತ್ತಿತ್ತು. ಕಟ್ಟಲು ಏನಾದರೂ ಸಿಕ್ಕೀತೇ ಎಂದು ಸುತ್ತ ನೋಡಿದರು. ಟೈಲರನ ಮನೆ, ಕೈ ಚಾಚಿದಲ್ಲೆಲ್ಲ ದಾರದ ಉಂಡೆಗಳು. ಅಷ್ಟು ಜನರಲ್ಲಿ ಒಬ್ಬರೂ ಒಂದೆಳೆ ಕಿತ್ತು ಕೊಡಲಿಲ್ಲ.